ಕೊತ್ತಿಯ ಬೂದಿಗುಡ್ಡೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳೆಯ ಮನೆಗಳಲ್ಲಿ ಬೆಳಗಿನ ಮೊದಲ ಕೆಲಸ ಒಲೆಯ ಬೂದಿ ಬಾಚುವುದು. ರಾತ್ರಿ ರಾಗಿ ಹಿಟ್ಟು ಬೇಯಿಸಿದ ಒಲೆ ಅಷ್ಟು ಹೊತ್ತಿಗೆ ಆರಿರುತ್ತಿತ್ತು. ಒಂದು ಕೈಯಲ್ಲಿ ತೆಂಗಿನ ಚಿಪ್ಪು, ಇನ್ನೊಂದರಲ್ಲಿ ಮುರುಕು ಮೊರ. ಬಾಚುವ ಮುನ್ನ ಕೈ ಒಂದು ಗಳಿಗೆ ತಡೆಯುತ್ತಿತ್ತು. ಒಲೆಯೊಳಗೆ ಕೊತ್ತಿ ಮಲಗಿದೆಯೋ ಏನೋ ಎಂದು ಬಗ್ಗಿ ನೋಡಬೇಕಲ್ಲ! ಬೆಚ್ಚನೆಯ ಬೂದಿಯಲ್ಲಿ ಮುದುಡಿ ಮಲಗುವುದು ಅದಕ್ಕೆ ಹಂಸತೂಲಿಕಾ ತಲ್ಪ. ಹಗಲಾದರೂ ಅದು ಅಲ್ಲೇ ಮಲಗಿದ್ದರೆ ಮಾತ್ರ ಮನೆಗೆ ಕೇಡು. ಒಲೆ ಹೊತ್ತಿಸಲು ಗತಿಯಿಲ್ಲ ಎನ್ನುವುದನ್ನು ಒಲೆಯಲ್ಲಿ ಬೆಕ್ಕು ಮಲಗಿದೆ ಎಂದು ಹೇಳುವ ರೂಢಿ ಹುಟ್ಟಿದ್ದೇ ಈ ಅಭ್ಯಾಸದಿಂದ.

ಬಾಚಿದ ಬೂದಿಯಲ್ಲಿ ಒಂದು ಪಾಲು ಪಾತ್ರೆ ಬೆಳಗಲು, ಒಂದು ಪಾಲು ಅವರೆ, ತೊಗರಿ ಬೀಜಕ್ಕೆ ಹುಳು ಹಿಡಿಯದಂತೆ ಬೆರೆಸಲು. ಮಿಕ್ಕದ್ದು ಹಿತ್ತಿಲ ಮೂಲೆಗೆ. ಅಲ್ಲಿ ದಿನದಿನವೂ ಬೆಳೆಯುತ್ತಿದ್ದ ಬೂದಿಗುಡ್ಡೆಯೇ ಮನೆಯ ಬೆಕ್ಕಿನ ಕಕ್ಕಸು. ಯಾರೂ ಅದಕ್ಕೆಂದು ಕಟ್ಟಿಸಿದ್ದಲ್ಲ, ಯಾರೂ ಕಲಿಸಿದ್ದೂ ಅಲ್ಲ. ಮುಂಗಾಲಿನಲ್ಲಿ ನಾಲ್ಕು ಸಲ ಕೆರೆದು ಗುಳಿ ಮಾಡಿ, ಕೂತು, ಎದ್ದು, ತಿರುಗಿ ಮೂಸಿ, ಮತ್ತೆ ಬೂದಿ ಎಳೆದು ಮುಚ್ಚಿ, ಬಾಲ ನೆಟ್ಟಗೆ ಮಾಡಿಕೊಂಡು ಬರುತ್ತಿತ್ತು. ಆ ಬೂದಿ ತಿಪ್ಪೆಗೆ ಸೇರಿ, ತಿಪ್ಪೆ ಯುಗಾದಿ ಕಳೆದ ಮೇಲೆ ಹೊಲಕ್ಕೆ ಹೋಗುತ್ತಿತ್ತು. ಲೆಕ್ಕ ಮುಗಿಯಿತು.

ಇಂದು ಬೆಂಗಳೂರಿನ ಮೂರನೇ ಮಹಡಿಯಲ್ಲಿ ಬೆಕ್ಕು ಸಾಕುವವರು ಅಂಗಡಿಯಲ್ಲಿ ನಿಂತು ಲಿಟರ್ ಬಾಕ್ಸ್ ಯಾವುದು ಕೊಳ್ಳಲಿ, ಒಳಗೆ ಯಾವ ಮಣ್ಣು ಹಾಕಲಿ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅದು ವಿದೇಶಿ ಶೋಕಿ ಎಂದು ಮೂಗು ಮುರಿಯುವವರೂ ಉಂಟು. ಎರಡೂ ಕಡೆಯವರು ಆ ಬೂದಿಗುಡ್ಡೆಯನ್ನು ಒಮ್ಮೆ ನೆನೆದರೆ ಸಾಕು. ಲಿಟರ್ ಬಾಕ್ಸ್ ಎಂದರೆ ಹಿತ್ತಿಲಿನ ಒಂದು ಮೂಲೆಯನ್ನು ಎತ್ತಿ ಮನೆಯೊಳಗೆ ಇಟ್ಟದ್ದು, ಅಷ್ಟೆ.

ಮೊದಲು ಹೆಸರಿನ ಮಾತು. ಹಳೇ ಮೈಸೂರಿನ ಈ ಭಾಗದಲ್ಲಿ ಬೆಕ್ಕು ಪುಸ್ತಕದ ಮಾತು, ಮನೆಯ ಮಾತು ಕೊತ್ತಿ. ತಪ್ಪಿ ದೀರ್ಘ ಎಳೆದು, ಒತ್ತು ಬಿಟ್ಟು ಹೇಳಿದರೆ ಕೋತಿಯಾಗುತ್ತದೆ. ಮಹದೇಶ್ವರ ಬೆಟ್ಟದಲ್ಲಿ ಕೋತಿಗಳಿಗೇನೂ ಬರವಿಲ್ಲ, ಅವು ಪೆಟ್ಟಿಗೆ ಕೇಳುವುದೂ ಇಲ್ಲ.

ಕೊತ್ತಿಯ ಬಳಗವನ್ನು ಕಾಣಬೇಕಾದರೆ ಆ ಬೆಟ್ಟದಿಂದ ಕೆಳಗಿಳಿಯಬೇಕು. ಬೆಟ್ಟದಿಂದ ಮೆಟ್ಟೂರಿನ ಕಡೆ ಇಳಿಯುವ ರಸ್ತೆ ಪಾಲಾರ್ ಹತ್ತಿರ ರಾಜ್ಯದ ಗಡಿ ಮುಟ್ಟುತ್ತದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ದೊಡ್ಡ ಪಾಲಾರ್ ಬೇರೆ, ಕಾಡಿನ ನಡುವೆ ಬಂದು ಕಾವೇರಿ ಸೇರುವ ಈ ಚಿಕ್ಕ ಹೊಳೆ ಬೇರೆ. ಹೊರಗಿನವರಿಗೆ ಪಾಲಾರ್ ಎಂದೊಡನೆ ನೆನಪಾಗುವುದು 1993ರ ಏಪ್ರಿಲ್ 9, ಕಾಡುಗಳ್ಳ ವೀರಪ್ಪನ್ ತಂಡದ ನೆಲಬಾಂಬಿಗೆ 22 ಮಂದಿ ಬಲಿಯಾದ ದಿನ. ಆದರೆ ಆ ಹೊಳೆಗೆ ಅದಕ್ಕಿಂತ ಹಳೆಯ ಒಕ್ಕಲುಗಳಿವೆ. ಬೇಸಿಗೆಯಲ್ಲಿ ನೀರು ಬತ್ತಿ ಮರಳು ತೆರೆದುಕೊಂಡಾಗ ಅದರ ಮೇಲೆ ಹೆಜ್ಜೆ ಮೂಡಿಸುವವು ಅವು. ಹುಲಿ, ಚಿರತೆ, ಕಾಡುಬೆಕ್ಕು ಎಲ್ಲ ಒಂದೇ ಬಳಗ. 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮವೆಂದು ಘೋಷಣೆಯಾದ ಸುಮಾರು 906 ಚದರ ಕಿಲೋಮೀಟರ್ ಕಾಡಿನಲ್ಲಿ ಪಾಲಾರ್ ಒಂದು ವಲಯ.

ಈ ಬಳಗದ ದೊಡ್ಡವರದು ಒಂದು ಠೀವಿ. ಹುಲಿಯಾಗಲಿ ಚಿರತೆಯಾಗಲಿ ತನ್ನ ಮಲವನ್ನು ಕಾಡುದಾರಿಯ ನಡುವೆ ಬಿಟ್ಟು, ಪಕ್ಕದಲ್ಲಿ ಹಿಂಗಾಲಿನಿಂದ ನೆಲ ಕೆರೆದು, ಇದು ನನ್ನ ಸೀಮೆ ಎಂದು ಸಾರಿ ಹೋಗುತ್ತದೆ. ಹುಲಿಯನ್ನೇ ಕುದುರೆ ಮಾಡಿಕೊಂಡ ಮಾದಪ್ಪನ, ಅಂದರೆ ಮಹದೇಶ್ವರನ, ನಾಡಿನಲ್ಲಿ ಅದು ತಕ್ಕ ನಡೆಯೇ. ಬಳಗದ ಚಿಕ್ಕವು ಹಾಗಲ್ಲ. ತಮಗಿಂತ ದೊಡ್ಡ ಬೇಟೆಗಾರ ಮೂಸಿ ಹಿಡಿದಾನು ಎಂಬ ಭಯಕ್ಕೆ ಸಡಿಲ ಮಣ್ಣು ಹುಡುಕಿ ಹೂಳುವ ಪಾಠ ಅವುಗಳ ರಕ್ತದಲ್ಲಿದೆ. ಮನೆಬೆಕ್ಕಿನ ಮೂಲಪುರುಷ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಒಣನೆಲದ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದ ಗೋರಿ ಸಿಕ್ಕಿದೆ. ನೀರು ಕಡಿಮೆ ಇರುವ ನೆಲದಿಂದ ಬಂದದ್ದರಿಂದಲೇ ಅದರ ಮೂತ್ರ ಅಷ್ಟು ಗಟ್ಟಿ, ಅಷ್ಟು ನಾತ. ಬೆಕ್ಕಿನ ಉಚ್ಚೆ ಬಿದ್ದ ಚಾಪೆಯನ್ನು ಮೂರು ನೀರಿನಲ್ಲಿ ತೊಳೆದರೂ ಹೋಗದ ಗಬ್ಬಿಗೆ ಕಾರಣ ಮರುಭೂಮಿ.

ಕೊಳ್ಳೇಗಾಲದ ಸೀಮೆಯವರು ಬೆಕ್ಕನ್ನು ಮನೆಗೆ ಕರೆದದ್ದು ಮುದ್ದಿಗಲ್ಲ, ಇಲಿಯ ಕಾಟಕ್ಕೆ. ಕಣಜದ ಜೋಳ, ಹಗೇವಿಗೆ ಹೋಗುವ ಮೊದಲು ಅಂಗಳದಲ್ಲಿ ರಾಶಿ ಬಿದ್ದ ರಾಗಿ ಎಲ್ಲಕ್ಕೂ ಇಲಿ ಬಾಯಿ ಹಾಕುತ್ತಿತ್ತು. ಅವೆಲ್ಲಕ್ಕಿಂತ ಬೆಲೆಬಾಳುವ ಇನ್ನೊಂದು ಸ್ವತ್ತು ಕೊಳ್ಳೇಗಾಲದ ಮನೆಗಳಲ್ಲಿ ತಟ್ಟೆಗಳ ಮೇಲೆ ಹರಿದಾಡುತ್ತಿತ್ತು. ಅದು ರೇಷ್ಮೆ ಹುಳು.

ಮೈಸೂರು ಸೀಮೆಗೆ ರೇಷ್ಮೆ ತಂದವನು ಟಿಪ್ಪು. 1799ರಲ್ಲಿ ಅವನು ಮಡಿದ ಮೇಲೆ ಕೊಳ್ಳೇಗಾಲ ಕಂಪನಿ ಸರ್ಕಾರದ ಕೈಗೆ ಹೋಗಿ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಯಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಒಂದು ಗಾಡಿಹಾದಿಯ ಅಂತರದ ಎರಡು ಊರು ಹೀಗೆ ಎರಡು ಸರ್ಕಾರಕ್ಕೆ ಕಂದಾಯ ಕಟ್ಟಿಕೊಂಡು 1956ರವರೆಗೆ ಬಾಳಿದವು. ಮದರಾಸು ಪ್ರಾಂತ್ಯದಲ್ಲಿ ಹಿಪ್ಪುನೇರಳೆ ರೇಷ್ಮೆ ಎಂದರೆ ಕೊಳ್ಳೇಗಾಲವೇ. ಊರಿನ ನೇಕಾರರ ಮಗ್ಗಗಳಿಗೂ, ಸುತ್ತಿನ ರೈತರ ಹುಳದ ಮನೆಗಳಿಗೂ ಆ ರೇಷ್ಮೆಯಿಂದಲೇ ಹೆಸರು.

ಹುಳು ಸಾಕುವವರ ಶತ್ರುಗಳ ಪಟ್ಟಿ ಉದ್ದವಾದದ್ದು. ಇರುವೆ, ಹಲ್ಲಿ, ಕೋಳಿ, 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ಬೆಳೆಗಾರರನ್ನು ಅಳಿಸಿದ ಊಜಿ ನೊಣ. ಇವುಗಳ ಜೊತೆಗೆ ಇಲಿ. ಒಂದು ಇಲಿ ಒಂದು ರಾತ್ರಿಯಲ್ಲಿ ಹಣ್ಣಾದ ಹುಳುಗಳನ್ನು ತಿಂದು, ಗೂಡು ಕಟ್ಟಲು ಹುಳು ಬಿಡುವ ಚಂದ್ರಿಕೆಯಲ್ಲಿನ ಗೂಡು ಕಚ್ಚಿ, ತಿಂಗಳ ದುಡಿಮೆಯನ್ನು ಹಾಳುಗೆಡವಬಲ್ಲದು. ಕಚ್ಚಿದ ಗೂಡಿನಿಂದ ಎಳೆ ಬಿಚ್ಚುವ ಹಾಗಿಲ್ಲ. ಇರುವೆಗೆ ತಟ್ಟೆಯ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಇಲಿಗೆ ಬೆಕ್ಕು.

ರೇಷ್ಮೆಯ ನಾಡುಗಳೆಲ್ಲ ಈ ಮಾತಿಗೆ ಸಾಕ್ಷಿ ಹೇಳುತ್ತವೆ. ಚೀನಾದ ಝೆಜಿಯಾಂಗ್ ಕಡೆ ಹುಳದ ಮನೆಯಲ್ಲಿ ಮಣ್ಣಿನ ಬೆಕ್ಕು ಮಾಡಿ ಕೂರಿಸುವ ಪದ್ಧತಿ ಇತ್ತು. ಜಪಾನಿನ ಗುನ್ಮಾ ಪ್ರಾಂತ್ಯದಲ್ಲಿ ಇವಾಮತ್ಸು ಮನೆತನದ ಪಾಳೇಗಾರರು ನಾಲ್ಕು ತಲೆಮಾರು ಬೆಕ್ಕಿನ ಚಿತ್ರ ಬರೆದುಕೊಟ್ಟರು. ಇಲಿ ಹೆದರಲೆಂದು ರೈತರು ಅದನ್ನು ಗೋಡೆಗೆ ಅಂಟಿಸಿಕೊಂಡರು. ಇಂದು ಬೆಕ್ಕಿನ ದ್ವೀಪವೆಂದು ಪ್ರವಾಸಿಗರು ಮುಗಿಬೀಳುವ ತಾಶಿರೋಜಿಮಾದಲ್ಲಿ ಬೆಕ್ಕುಗಳು ನೆಲೆಸಿದ್ದೂ ಹುಳು ಕಾಯಲು. ಅಲ್ಲಿ ಬೆಕ್ಕಿಗೆ ಗುಡಿಯೂ ಇದೆ. ಚಿತ್ರ ನೋಡಿ ಇಲಿ ಓಡಿತೆಂದು ನಂಬುವುದು ಕಷ್ಟ. ನಿಜವಾದ ಬೆಕ್ಕು ಸಿಗದವನ ಸಮಾಧಾನ ಅದು.

ಕೊಳ್ಳೇಗಾಲದ ಹುಳದ ಮನೆಗೂ ಬೆಕ್ಕಿನ ಪೆಟ್ಟಿಗೆಗೂ ನಂಟು ಇಲ್ಲಿಗೇ ಮುಗಿಯುವುದಿಲ್ಲ. ಹುಳು ಸಾಕುವುದೆಂದರೆ ಬಹುಪಾಲು ಅದರ ಗಲೀಜು ತೆಗೆಯುವುದು. ಮೊಟ್ಟೆಯೊಡೆದ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿರಲೆಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಹಾಸಿಗೆ ಎಂದರೆ ತಿಂದುಳಿದ ಸೊಪ್ಪು, ಕಡ್ಡಿ, ಹಿಕ್ಕೆ ಸೇರಿ ತಟ್ಟೆಯಲ್ಲಿ ಕಟ್ಟಿಕೊಂಡ ಪದರ. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪನ್ನು ಚರಚರ ಎಂದು ಮಳೆ ಸುರಿದಂತೆ ತಿನ್ನುತ್ತದೆ. ಇಡೀ ಬೆಳೆಯ ಸೊಪ್ಪಿನಲ್ಲಿ ಶೇ. 80ಕ್ಕಿಂತ ಹೆಚ್ಚು ಖರ್ಚಾಗುವುದು ಆಗಲೇ. ಹಿಕ್ಕೆಯೂ ಅಷ್ಟೇ ರಾಶಿ. ಮೇಲೆ ಬಲೆ ಹಾಸಿ, ಬಲೆಯ ಮೇಲೆ ಹೊಸ ಸೊಪ್ಪು ಹಾಕಿ, ಹುಳು ಮೇಲೆ ಹತ್ತಿದ ಮೇಲೆ ಬಲೆಸಮೇತ ಎತ್ತಿ ಬೇರೆ ತಟ್ಟೆಗೆ ಇಟ್ಟು, ಕೆಳಗಿನ ಹಳೆ ಹಾಸಿಗೆಯನ್ನು ಸುರುಳಿ ಸುತ್ತಿ ತಿಪ್ಪೆಗೆ ಹಾಕುತ್ತಾರೆ. ಒಂದು ದಿನ ಸೋಮಾರಿತನ ಮಾಡಿದರೆ ಹಾಸಿಗೆಯ ಕಾವು ಏರಿ, ಅಮೋನಿಯಾ ಎದ್ದು, ಹಾಲುತೊಂಡೆಯೋ ಸಪ್ಪೆರೋಗವೋ ನುಗ್ಗುತ್ತದೆ.

ಒಣಗಿರಬೇಕು, ಗಾಳಿಯಾಡಬೇಕು, ಘಾಟು ಇರಬಾರದು, ದಿನವೂ ತೆಗೆಯಬೇಕು. ಈ ನಾಲ್ಕೂ ಹುಳದ ಮನೆಯ ಕಟ್ಟಳೆ. ಬೆಕ್ಕಿನ ಪೆಟ್ಟಿಗೆಯ ಬಗ್ಗೆ ಇಂದಿನ ಪಶುವೈದ್ಯರು ಹೇಳುವುದೂ ಇದನ್ನೇ. ಇಂಗ್ಲಿಷಿನಲ್ಲಿ ಹುಳದ ಹಾಸಿಗೆಗೂ ಬೆಕ್ಕಿನ ಮಣ್ಣಿಗೂ ಲಿಟರ್ ಎಂಬ ಒಂದೇ ಮಾತಿದೆ.

ಇಲಿಗೆ ಬೆಕ್ಕು ಎಂಬ ಮಾತು ಮತ್ತೆ ಬಂದದ್ದು ಇಲಿಯಿಂದ ಹರಡುವ ಪ್ಲೇಗಿನ ಕಾಲದಲ್ಲಿ. 1898ರಲ್ಲಿ ಅದು ಬೆಂಗಳೂರಿಗೆ ಬಂದು ಮೈಸೂರು ಸೀಮೆಯನ್ನು ಕಾಡಿದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಆ ಕಾಲದಲ್ಲೇ ಅಮರಾವತಿಯಲ್ಲಿದ್ದ ಆಂಡ್ರ್ಯೂ ಬುಕಾನನ್ ಎಂಬ ಸರ್ಕಾರಿ ವೈದ್ಯ, ಬೆಕ್ಕು ಹೆಚ್ಚಿರುವ ಊರಲ್ಲಿ ಪ್ಲೇಗು ಕಡಿಮೆ ಎಂದು ವಾದಿಸಿ 1908ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯರಿಗೂ ಬರುತ್ತದೆ ಎಂಬುದು ಆಮೇಲೆ ಖಚಿತವಾದ ಸಂಗತಿ. ಬುಕಾನನ್‌ನ ವಾದ ಅರ್ಧಸತ್ಯ.

ಇಷ್ಟು ಕಾಲವೂ ಲೋಕದ ಎಲ್ಲ ಕಡೆ ಬೆಕ್ಕಿನ ಕಕ್ಕಸು ಒಂದೇ ಬಗೆಯದು: ಬೂದಿ, ಮರಳು, ಸಡಿಲ ಮಣ್ಣು. ಅಮೆರಿಕದ ಗೃಹಿಣಿಯೂ ಕೊಳ್ಳೇಗಾಲದ ಗೃಹಿಣಿಯೂ ಈ ಒಂದು ವಿಷಯದಲ್ಲಿ ಓರಗಿತ್ತಿಯರು. ವ್ಯತ್ಯಾಸ ತಂದದ್ದು ಚಳಿ. 1947ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಸಣ್ಣ ಊರಿನಲ್ಲಿ ಹಿತ್ತಿಲಿನ ಮರಳುಗುಡ್ಡೆ ಹೆಪ್ಪುಗಟ್ಟಿ ಕಲ್ಲಾಯಿತು. ಬೆಕ್ಕಿಗೆ ಬೂದಿ ಹಾಕಿ ಮನೆಯೆಲ್ಲ ಕರಿ ಹೆಜ್ಜೆಯಾಗಿ ಬೇಸತ್ತ ನೆರೆಮನೆಯಾಕೆ ಎಡ್ ಲೋ ಎಂಬ ತರುಣನ ಹತ್ತಿರ ಒಂದಿಷ್ಟು ಮರಳು ಕೇಳಿದಳು. ಅವನ ಅಪ್ಪನದು ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರುವ ಪದಾರ್ಥ ಮಾರುವ ವ್ಯಾಪಾರ. ಲೋ ಮರಳಿನ ಬದಲು ಒಣಗಿಸಿ ಹರಳು ಮಾಡಿದ ಒಂದು ಜೇಡಿಮಣ್ಣು ಕೊಟ್ಟ. ಆಕೆ ಮತ್ತೆ ಅದೇ ಬೇಕೆಂದು ಬಂದಾಗ ಅವನಿಗೆ ಹೊಳೆಯಿತು. ಹತ್ತು ಚೀಲಕ್ಕೆ ಐದೈದು ಪೌಂಡು ತುಂಬಿ, ಮೇಲೆ ಕಿಟ್ಟಿ ಲಿಟರ್ ಎಂದು ಕೈಯಲ್ಲಿ ಬರೆದು, ಚೀಲಕ್ಕೆ 65 ಸೆಂಟು ಎಂದ. ಮಣ್ಣಿಗೆ ಯಾರು ದುಡ್ಡು ಕೊಡುತ್ತಾರೆ ಎಂದು ಅಂಗಡಿಯವನು ನಕ್ಕ. ಹಾಗಾದರೆ ಸುಮ್ಮನೆ ಹಂಚು ಎಂದ ಲೋ. ಸುಮ್ಮನೆ ತೆಗೆದುಕೊಂಡವರು ದುಡ್ಡು ಹಿಡಿದು ಮರಳಿ ಬಂದರು.

ಆ ಮಣ್ಣು ನಮಗೆ ಹೊಸದಲ್ಲ. ಉಣ್ಣೆಯ ಜಿಡ್ಡು ತೆಗೆಯಲು ನೇಕಾರರು ಬಳಸುತ್ತಿದ್ದ, ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದೇ ಅದು. ಅದೇ 1947ರ ಜನವರಿಯಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕೊಳ್ಳೇಗಾಲದ ಕೊತ್ತಿಗಳು ಎಂದಿನಂತೆ ಬೂದಿಗುಡ್ಡೆ ಹತ್ತಿದ್ದವು. ಇಲ್ಲಿನ ಹಿತ್ತಿಲು ಹೆಪ್ಪುಗಟ್ಟುವುದಿಲ್ಲವಲ್ಲ.

ಎರಡನೇ ತಿರುವು 1984ರಲ್ಲಿ. ಥಾಮಸ್ ನೆಲ್ಸನ್ ಎಂಬ ಜೀವರಸಾಯನ ತಜ್ಞ ಬೆಂಟೋನೈಟ್ ಎಂಬ ಜೇಡಿ ಒದ್ದೆಯಾದ ಕಡೆ ಮಾತ್ರ ಗಟ್ಟಿ ಉಂಡೆ ಕಟ್ಟುವುದನ್ನು ಗಮನಿಸಿದ. ಉಂಡೆಯನ್ನು ಜಾಲರಿ ಸೌಟಿನಲ್ಲಿ ಎತ್ತಿ ಬಿಸಾಡಿದರೆ ಮಿಕ್ಕ ಮಣ್ಣು ಹಾಗೇ ಉಳಿಯುತ್ತದೆ. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಚೀಲಗಳಲ್ಲಿ ಬಹಳಷ್ಟು ಇದೇ. ಗುಜರಾತಿನ ಕಛ್ ಸೀಮೆಯಲ್ಲಿ ಬೆಂಟೋನೈಟ್ ಹೇರಳವಾಗಿ ಸಿಗುತ್ತದೆ, ಹೊರದೇಶಕ್ಕೂ ಹೋಗುತ್ತದೆ.

ಕೊಳ್ಳೇಗಾಲದ ಸೀಮೆಯಲ್ಲಿ ಬೂದಿಗುಡ್ಡೆ ಕರಗಿದ್ದು ಚಳಿಯಿಂದಲ್ಲ, ಗ್ಯಾಸಿನಿಂದ. ಮೊದಲು ಪೇಟೆಯ ಮನೆಗಳಿಗೆ, 2016ರ ಉಜ್ವಲಾ ಯೋಜನೆಯ ನಂತರ ಕಾಡಂಚಿನ ಹಟ್ಟಿಗಳಿಗೂ ಸಿಲಿಂಡರ್ ಬಂತು. ಹೊಗೆಯಿಂದ ಹೆಂಗಸರ ಕಣ್ಣು, ಶ್ವಾಸ ಉಳಿದದ್ದು ಸಣ್ಣ ಮಾತಲ್ಲ, ಬೆಕ್ಕಿನ ಕಕ್ಕಸಿಗಾಗಿ ಅದನ್ನು ಯಾರೂ ಬಿಟ್ಟುಕೊಡಬೇಕಿಲ್ಲ. ಅದೇ ಹೊತ್ತಿಗೆ ಹಿತ್ತಿಲೂ ಹೋಯಿತು. ಹೆಂಚಿನ ಮನೆ ಕೆಡವಿ ತಾರಸಿ ಹಾಕಿದವರು ಮೂವತ್ತು ನಲವತ್ತು ಅಡಿಯ ನಿವೇಶನದ ಅಂಚಿನವರೆಗೂ ಸಿಮೆಂಟು ಬಳಿದರು. ಕೆರೆಯಲು ಮಣ್ಣೇ ಇಲ್ಲದ ಬೆಕ್ಕು ಹೂಕುಂಡಕ್ಕೆ, ಪಕ್ಕದವರು ಕಟ್ಟಡಕ್ಕೆ ತರಿಸಿದ ಎಂ-ಸ್ಯಾಂಡ್ ರಾಶಿಗೆ, ಕೊನೆಗೆ ಸೋಫಾದ ಹಿಂದಕ್ಕೆ ಹೋಯಿತು. ಕೊತ್ತಿ ಕೆಟ್ಟಿತು ಎಂದು ಬೈದರು. ಕೆಟ್ಟದ್ದು ಕೊತ್ತಿಯಲ್ಲ.

ಹಾಗಾದರೆ ಪೆಟ್ಟಿಗೆ ಆರಿಸುವುದು ಹೇಗೆ? ಬೂದಿಗುಡ್ಡೆಯನ್ನು ಕಣ್ಣಮುಂದೆ ಇಟ್ಟುಕೊಂಡರೆ ಸಾಕು. ಗುಡ್ಡೆ ವಿಶಾಲವಾಗಿತ್ತು, ಬೆಕ್ಕು ಅದರ ಮೇಲೆ ಒಂದು ಸುತ್ತು ತಿರುಗಬಹುದಿತ್ತು. ಅಂಗಡಿಯ ಪೆಟ್ಟಿಗೆಗಳಲ್ಲಿ ಅನೇಕವು ಮರಿಗೆ ಸರಿ, ಬೆಳೆದ ಗಂಡು ಬೆಕ್ಕಿಗೆ ಸಾಲವು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಅದರ ಅರ್ಧ ಸೇರಿಸಿದಷ್ಟು ಉದ್ದ ಬೇಕು. ಗಾರೆ ಹೊರುವ ಪ್ಲಾಸ್ಟಿಕ್ ಬಾಂಡ್ಲಿಯೋ ಅಗಲವಾದ ಟಬ್ಬೋ ಸಿಕ್ಕರೆ ದುಬಾರಿ ಪೆಟ್ಟಿಗೆ ಬೇಡವೇ ಬೇಡ. ಮರಿಗಳಿಗೂ ಮೊಣಕಾಲು ನೋಯುವ ಮುದಿ ಬೆಕ್ಕಿಗೂ ಒಂದು ಬದಿಯ ಅಂಚನ್ನು ತಗ್ಗಿಸಿ ಕೊಯ್ದು, ಕೊಯ್ದ ಅಂಚನ್ನು ಉಜ್ಜಿ ನುಣುಪು ಮಾಡಿದರಾಯಿತು. ಗುಡ್ಡೆಗೆ ಮುಚ್ಚಳ ಇರಲಿಲ್ಲ. ಮುಚ್ಚಿದ ಪೆಟ್ಟಿಗೆ ನಮ್ಮ ಮೂಗಿಗೆ ಹಿತ, ಬೆಕ್ಕಿನ ಮೂಗಿಗೆ ಸಾರ್ವಜನಿಕ ಶೌಚಾಲಯ.

ಒಳಗೆ ಹಾಕುವುದು ನುಣ್ಣಗಿರಬೇಕು, ಎರಡು ಮೂರು ಅಂಗುಲ ಆಳ ಇರಬೇಕು. ಬೆಂಟೋನೈಟ್ ಅನುಕೂಲ, ಆದರೆ ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಎಳೆ ಮರಿಗೆ ಉಂಡೆ ಕಟ್ಟುವ ಮಣ್ಣು ಬೇಡ. ಮರದ ಹೊಟ್ಟು, ತೆಂಗಿನ ನಾರಿನ ಪುಡಿ ಅಗ್ಗ. ಭತ್ತದ ಹೊಟ್ಟು ಹಗುರ, ಹೀರುವುದೂ ಕಡಿಮೆ, ಮನೆಯೆಲ್ಲ ಹರಡುತ್ತದೆ. ಎಂ-ಸ್ಯಾಂಡ್ ಚೂಪು. ಬೂದಿಯೇ ಸಿಕ್ಕರೆ ಜರಡಿ ಹಿಡಿದು ಇದ್ದಿಲು ತೆಗೆದು, ಪೂರ್ತಿ ಆರಿದ್ದನ್ನು, ಒಣಮಣ್ಣಿನ ಜೊತೆ ಬೆರೆಸಿ ಹಾಕುವವರು ಇದ್ದಾರೆ. ಆದರೆ ಒದ್ದೆ ಬೂದಿ ಅಂಗಾಲು ಸುಡುತ್ತದೆ, ಹಿತ್ತಿಲಲ್ಲಿ ನಡೆದದ್ದು ಪೆಟ್ಟಿಗೆಯಲ್ಲಿ ನಡೆಯದು. ಹುಳದ ಮನೆಯ ಅಭ್ಯಾಸಕ್ಕೆ ಸುಣ್ಣದ ಪುಡಿ ಉದುರಿಸುವುದಂತೂ ಕೂಡದು. ಮಲ್ಲಿಗೆ, ಲಿಂಬೆ ಪರಿಮಳದ ಚೀಲಗಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಬೂದಿಗುಡ್ಡೆ ಅಡುಗೆಮನೆಯಿಂದ ದೂರ ಇತ್ತು. ಪೆಟ್ಟಿಗೆಯೂ ಹಾಲಿನ ಬಟ್ಟಲಿನಿಂದ ದೂರ ಇರಲಿ, ವಾಷಿಂಗ್ ಮಷೀನು ಗುಡುಗುವ ಮೂಲೆಯಲ್ಲೂ ಬೇಡ. ಒಂದಕ್ಕಿಂತ ಹೆಚ್ಚು ಬೆಕ್ಕಿದ್ದರೆ ಬೆಕ್ಕಿನ ಲೆಕ್ಕಕ್ಕೆ ಒಂದು ಕೂಡಿಸಿ ಅಷ್ಟು ಪೆಟ್ಟಿಗೆ, ಬೇರೆ ಬೇರೆ ಕಡೆ. ಹಳ್ಳಿಯ ಬೆಕ್ಕಿಗೆ ತನ್ನ ಹಿತ್ತಿಲಿನ ಜೊತೆಗೆ ನೆರೆಯವರ ಹಿತ್ತಿಲೂ ಇತ್ತು ಎನ್ನುವುದನ್ನು ಮರೆಯಬಾರದು.

ನಮ್ಮ ಕಡೆಯ ದೊಡ್ಡ ತಪ್ಪು ಫಿನಾಯಿಲು. ನಾತ ಬಂದೊಡನೆ ಬಿಳಿ ನೀರು ಸುರಿದು ಒರೆಸುವುದು ಕೈಗಂಟಿದ ಚಾಳಿ. ಫಿನಾಲ್ ಜಾತಿಯ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ, ಅಂಗಾಲಿಗೆ ಅಂಟಿದ್ದನ್ನು ನೆಕ್ಕಿದರೂ ವಿಷ. ಉಚ್ಚೆಯ ಮೇಲೆ ಬ್ಲೀಚಿಂಗ್ ಪೌಡರ್ ಸುರಿದರೆ ಅಮೋನಿಯಾ ಜೊತೆ ಸೇರಿ ಮನುಷ್ಯರ ಎದೆಗೂ ಕೆಟ್ಟ ಗಾಳಿ ಏಳುತ್ತದೆ. ಪೆಟ್ಟಿಗೆಗೆ ಸೋಪು, ಬಿಸಿನೀರು, ಬಿಸಿಲು ಸಾಕು.

ದಿನವೂ ತೆಗೆಯಬೇಕೆನ್ನುವುದಕ್ಕೆ ನಾತವೊಂದೇ ಕಾರಣವಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಬೆಕ್ಕಿನ ಮಲದ ಮೂಲಕ ಹರಡುತ್ತದೆಂದು 1970ರ ಸುಮಾರಿಗೆ ವಿಜ್ಞಾನಿಗಳು ಪತ್ತೆ ಮಾಡಿದರು. ಹೊರಬಿದ್ದ ಕೂಡಲೇ ಅದು ಅಂಟುವುದಿಲ್ಲ, ಒಂದರಿಂದ ಐದು ದಿನ ಬೇಕು. ಪ್ರತಿ ದಿನ ಎತ್ತಿ ಹಾಕುವ ಮನೆಯಲ್ಲಿ ಅಪಾಯ ತೀರ ಕಡಿಮೆ. ಆದರೂ ಬಸುರಿ ಹೆಂಗಸರು ಈ ಕೆಲಸ ಗಂಡನಿಗೆ ವಹಿಸಬೇಕು, ಗಂಡ ನೆಪ ಹೇಳಬಾರದು. ಗಂಡು ಬೆಕ್ಕು ಪೆಟ್ಟಿಗೆಯಲ್ಲಿ ಮತ್ತೆ ಮತ್ತೆ ಕೂತು ಮುಕ್ಕರಿಸಿ ಹನಿಯೂ ಬರದಿದ್ದರೆ ಅದು ಹಟವಲ್ಲ, ಮೂತ್ರ ಕಟ್ಟಿದೆ. ಅವತ್ತೇ ಪಶುವೈದ್ಯರ ಹತ್ತಿರ ಒಯ್ಯಬೇಕು.

ಇನ್ನು ಮರಳೇ ಒಳ್ಳೆಯದೆಂದು ಹೊಳೆಗೆ ಚೀಲ ಹಿಡಿದು ಹೊರಡುವವರಿಗೆ ಒಂದು ಮಾತು. ಪಾಲಾರಿನ ಮರಳು ವನ್ಯಧಾಮದ್ದು, ಅಲ್ಲಿಂದ ಒಂದು ಬಾಂಡ್ಲಿ ತುಂಬಿ ತರುವುದೂ ಅಪರಾಧ. ಅದು ಅಲ್ಲಿನ ಕಾಡುಬೆಕ್ಕುಗಳಿಗೇ ಇರಲಿ.